ಹಳೇ ಮನೆಯ ತೇವಕ್ಕೆ ಪುಟ್ಟಿ, ಸಿಮೆಂಟು, ಸುಣ್ಣ: ಮೂರನ್ನೂ ಬಳಿದು ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸುಣ್ಣಕ್ಕೆ. ಉಳಿದ ಎರಡಕ್ಕೆ ಸುರಿದ ದುಡ್ಡು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ, ಹಾಗಾಗಿ ಇದು ನ್ಯಾಯವಾದ ಹೋಲಿಕೆ ಅಂತ ಓದಬೇಡಿ.

ಕಾರ್ಕಳದ ಹತ್ತಿರ ನಮ್ಮ ಅಜ್ಜ 1958ರಲ್ಲಿ ಕಟ್ಟಿಸಿದ ಮನೆ. ಮುರಕಲ್ಲಿನ (ಕರಾವಳಿಯ ತೂತು ತೂತಿನ ಕೆಂಪು ಕಲ್ಲು) ಗೋಡೆ, ಸುಣ್ಣದ ಗಾರೆ, ಮೇಲೆ ಹಂಚು. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರಿಗೂ ಜಾಸ್ತಿ ಮಳೆ. ಮುರಕಲ್ಲು ನೋಡೋಕೆ ಕಲ್ಲು, ಒಳಗೆ ಸ್ಪಂಜು. ಆಟಿ ತಿಂಗಳು (ಜುಲೈ-ಆಗಸ್ಟ್) ಬಂತೆಂದರೆ ಗೋಡೆ ನೆಲದಿಂದ ಎರಡು ಮೂರು ಅಡಿ ಕಪ್ಪಾಗುತ್ತದೆ, ಕಪಾಟಿನ ಬಟ್ಟೆಗೆ ಬೂಷ್ಟು, ಕಂಬಳಿಗೆ ಒಂದು ಥರಾ ವಾಸನೆ.

ಮೊದಲು ಹಾಕಿದ್ದು ಪುಟ್ಟಿ, ಅಂದರೆ ಗೋಡೆ ನುಣುಪು ಮಾಡುವ ಲೇಪ. ಉತ್ತರದ ಕೋಣೆಗೆ. ಅಂಗಡಿಯವರು ಬಿಳಿ ಸಿಮೆಂಟಿನ ಪುಟ್ಟಿ ಎರಡು ಕೋಟು, ಅದರ ಮೇಲೆ ತೇವ ತಡೆಯುವ ಪೇಂಟು ಎರಡು ಕೋಟು ಅಂದರು. ಕೆಲಸ ಸಲೀಸು. ಪಟ್ಟಿ ಹಿಡಿದು ಎಳೆದರೆ ಆಯಿತು, ಎರಡು ದಿನದಲ್ಲಿ ಗೋಡೆ ಕನ್ನಡಿಯ ಹಾಗೆ. ಮೇ ಕೊನೆಗೆ ಪತ್ತನಾಜೆಗೆ ಬಂದ ನೆಂಟರೆಲ್ಲ ಹೊಗಳಿ ಹೋದರು. ಜುಲೈ ಕೊನೆಗೆ ನೋಡಿದರೆ ಗೋಡೆಯಲ್ಲಿ ಹಪ್ಪಳ ಎದ್ದಿದೆ. ಬೆರಳಲ್ಲಿ ಒತ್ತಿದೆ, ಚುರ್ ಅಂತ ಒಳಗೆ ಹೋಯಿತು. ಹಿಂದೆ ಹತ್ತಿಯಂಥ ಬಿಳಿ ಪುಡಿ. ನಾಲಗೆಗೆ ಮುಟ್ಟಿಸಿದೆ (ಅಮ್ಮ ಬೈದರು), ಉಪ್ಪು.

ಆಗ ತಲೆಗೆ ಹೋಯಿತು. ನೆಲದ ನೀರು ಗೋಡೆಯೊಳಗೆ ಹತ್ತುವಾಗ ಮಣ್ಣಿನ ಉಪ್ಪನ್ನೂ ಹೊತ್ತು ತರುತ್ತದೆ. ನೀರು ಆರಿದ ಜಾಗದಲ್ಲಿ ಉಪ್ಪು ಹರಳುಗಟ್ಟುತ್ತದೆ. ಮುಂದೆ ಪೇಂಟಿನ ಮುಚ್ಚಳ ಇದ್ದರೆ ಹರಳು ಬೆಳೆಯುತ್ತಾ ಆ ಮುಚ್ಚಳವನ್ನೇ ಎಬ್ಬಿಸುತ್ತದೆ. ಪೇಂಟು ಹೊರಗಿನ ನೀರನ್ನು ತಡೆಯಬಹುದು, ಒಳಗಿಂದ ಬರುವುದನ್ನು ಏನು ಮಾಡೀತು?

ಎರಡನೆಯದು ಸಿಮೆಂಟು, ಹಿಂಬದಿ ಗೋಡೆಗೆ. ಇದಕ್ಕೆ ಮೇಸ್ತ್ರಿಯನ್ನೇ ಕರೆಸಿದ್ದೆ. ಹಳೇ ಗಾರೆ ಕೆತ್ತಿ, ವಾಟರ್‌ಪ್ರೂಫ್ ದ್ರಾವಣ ಹಾಕಿದ ಸಿಮೆಂಟ್ ಗಾರೆಯನ್ನು ನಾಲ್ಕಡಿ ಎತ್ತರಕ್ಕೆ ಹೊಡೆದರು. ಒಂದು ಮಳೆಗಾಲ ಗಟ್ಟಿ ನಿಂತಿತು, ಸುಳ್ಳು ಹೇಳಬಾರದು. ಎರಡನೇ ಮಳೆಗಾಲದಲ್ಲಿ ತೇವ ಐದಡಿಯಲ್ಲಿ ಕಾಣಿಸಿಕೊಂಡಿತು. ಮುಂದೆ ದಾರಿ ಇಲ್ಲದ ನೀರು ಸಿಮೆಂಟಿನ ಹಿಂದೆ ಮೇಲಕ್ಕೆ ಹೋಗಿದೆ, ಅಷ್ಟೇ. ಮೊದಲು ಮಂಚದ ಹಿಂದೆ ಮುಚ್ಚಿಹೋಗುತ್ತಿದ್ದ ಕಲೆ ಈಗ ಅಜ್ಜನ ಫೋಟೋದ ಪಕ್ಕ. ಕೆಳಗೆ ತಟ್ಟಿದರೆ ಟೊಳ್ಳು ಸದ್ದು. ಕಿತ್ತಾಗ ಸಿಮೆಂಟಿನ ಜೊತೆ ಮುರಕಲ್ಲಿನ ಮುಖವೂ ಹೆಂಟೆ ಹೆಂಟೆಯಾಗಿ ಬಂತು. ಪುಟ್ಟಿಯಿಂದ ದುಡ್ಡು ಹೋಯಿತು, ಸಿಮೆಂಟಿನಿಂದ ಗೋಡೆಯೂ ಹೋಯಿತು.

ಮೂರನೇ ಸಲ ಕೈ ಹಾಕುವ ಮೊದಲು ಒಂದು ಪರೀಕ್ಷೆ ಮಾಡಿದೆ, ಮೊದಲ ದಿನವೇ ಮಾಡಬೇಕಿತ್ತು. ಒಂದು ಚೌಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಹನಿ ಕೋಣೆಯ ಕಡೆಗೆ ಇದ್ದರೆ ಗಾಳಿಯ ತೇವ, ಕಿಟಕಿ ತೆಗೆದಿಡಿ. ಗೋಡೆಯ ಕಡೆಗೆ ಇದ್ದರೆ ಗೋಡೆಯದ್ದೇ. ನಮ್ಮದು ಗೋಡೆಯದ್ದು. ಹೊರಗೆ ಹೋಗಿ ನೋಡಿದರೆ ಅಂಗಳದ ಮಣ್ಣು ವರ್ಷ ವರ್ಷ ಏರಿ ಏರಿ ಪಂಚಾಂಗವನ್ನು (ಗೋಡೆಯಡಿಯ ಅಡಿಪಾಯದ ಕಟ್ಟೆ) ಅರ್ಧ ಮುಚ್ಚಿದೆ. ಮಾಡಿನ (ಛಾವಣಿಯ) ನೀರು ಅದರ ಮೇಲೆ ಬಿದ್ದು ನೇರ ಗೋಡೆಗೆ ಸಿಡಿಯುತ್ತಿದೆ. ಎರಡು ಭಾನುವಾರ ಹಾರೆ ಹಿಡಿದು ಮಣ್ಣು ತೆಗೆದೆ, ಸೂರಿಗೆ ನೀರು ಹರಿದುಹೋಗುವ ದಂಬೆ ಕಟ್ಟಿದೆ. ಅರ್ಧ ಕೆಲಸ ಇದರಿಂದಲೇ ಆಯಿತು. ನೀವು ಏನನ್ನೇ ಬಳಿಯಿರಿ, ಇದು ಮೊದಲು.

ಇನ್ನು ಸುಣ್ಣ. ತುಳಸಿ ಪೂಜೆ ಮುಗಿದ ಮೇಲೆ ಚಾವಡಿಯ ಗೋಡೆ ಹಿಡಿದೆ. ಸುಟ್ಟ ಚಿಪ್ಪಿನ ಸುಣ್ಣ ತಂದು ಡ್ರಮ್ಮಿನಲ್ಲಿ ಅರಳಿಸಿದೆ. ನೀರಿಗೆ ಸುಣ್ಣ ಹಾಕಬೇಕು, ಸುಣ್ಣಕ್ಕೆ ನೀರಲ್ಲ. ಕೊತ ಕೊತ ಕುದಿಯುತ್ತದೆ, ಕಣ್ಣಿಗೆ ಹಾರಿದರೆ ಕಣ್ಣೇ ಹೋಗಬಹುದು, ಕನ್ನಡಕ ಕೈಗವಸು ಇಲ್ಲದೆ ಹತ್ತಿರ ಹೋಗಬೇಡಿ, ಮಕ್ಕಳನ್ನಂತೂ ಬಿಡಲೇಬೇಡಿ. ಮೂರು ವಾರ ನೀರಿನಡಿ ಇಟ್ಟಮೇಲೆ ಬೆಣ್ಣೆಯ ಹಾಗೆ ಆಯಿತು. ಅದು ಒಂದು ಪಾಲು, ಹೊಯ್ಗೆ (ಮರಳು) ಮೂರು ಪಾಲು, ಹಂಚಿನ ಪುಡಿ ಅರ್ಧ ಪಾಲು. ಹಂಚಿನ ಪುಡಿ ಇದ್ದರೆ ಗಾರೆ ತೇವದಲ್ಲೂ ಹಿಡಿಯುತ್ತದೆ. ಮಾಡಿನ ಮೇಲೆ ಒಡೆದ ಹಂಚುಗಳಿಗೆ ನಮ್ಮಲ್ಲಿ ಬರವಿಲ್ಲ, ಅವನ್ನೇ ಕುಟ್ಟಿದೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಲ್ಲಿ ಶುರುಮಾಡಿದ ಹಂಚಿನ ಕಸುಬು ಹೀಗೆ ಮಾಡಿನಿಂದ ಇಳಿದು ನಮ್ಮ ಗೋಡೆಯೊಳಗೆ ಸೇರಿತು.

ಗಾರೆಯಲ್ಲಿ ತೊಂದರೆ ಬರಲಿಲ್ಲ. ಹತ್ತು ದಿನ ಒದ್ದೆ ಗೋಣಿ ಹೊದಿಸಿದೆ, ಬಿರುಕಿಲ್ಲ. ತಲೆನೋವು ಶುರುವಾಗಿದ್ದು ಮೇಲೆ ಬಳಿದ ಸುಣ್ಣದ ತಿಳಿಯಿಂದ, ಅಂದರೆ ಬಣ್ಣದ ಹಾಗೆ ಬಳಿಯುವ ಸುಣ್ಣದ ನೀರಿನಿಂದ. ಬೆನ್ನಿಗೆ ಹತ್ತುತ್ತದೆ! ಚಾವಡಿಯಲ್ಲಿ ಯಾರು ಕೂತೆದ್ದರೂ ಬೆನ್ನ ಮೇಲೆ ಬಿಳಿ ಪಟ್ಟೆ. ಮದುವೆ ಕಾಗದ ಕೊಡಲು ಬಂದ ಚಿಕ್ಕಪ್ಪ ಕಪ್ಪು ಕೋಟಿನಲ್ಲಿ ಗೋಡೆಗೊರಗಿ ಕೂತು, ಮುಂದಿನ ಮೂರು ಮನೆಗೆ ಹಾಗೇ ಹೋಗಿದ್ದಾರೆ. ಅಮ್ಮ ಇನ್ನೂ ಅದನ್ನು ಹೇಳಿ ಹೇಳಿ ನಗುತ್ತಾರೆ.

ಪಕ್ಕದ ಮನೆಯ ಅಜ್ಜಿ, 'ಒಂದು ಹಿಡಿ ಉಪ್ಪು ಹಾಕು ಮಾರಾಯ, ನಮ್ಮ ಕಾಲದಲ್ಲಿ ಹಾಗೇ ಮಾಡುತ್ತಿದ್ದದ್ದು' ಅಂದರು. ಹಾಕಿದೆ. ಬೆನ್ನಿಗೆ ಹತ್ತುವುದು ನಿಜವಾಗಿಯೂ ಕಡಿಮೆಯಾಯಿತು. ಆದರೆ ಮೋಡ ಕವಿದ ದಿನ ಗೋಡೆ ಸುಮ್ನೆ ಬೆವರತೊಡಗಿತು. ಉಪ್ಪು ಗಾಳಿಯ ತೇವವನ್ನು ಎಳೆಯುತ್ತದೆ, ಅಡುಗೆಮನೆಯ ಉಪ್ಪಿನ ಭರಣಿ ಮಳೆಗಾಲದಲ್ಲಿ ಏನಾಗುತ್ತದೆ ಅಂತ ದಿನಾ ನೋಡುವವನಿಗೆ ಇದು ಹೊಳೆಯಬೇಡವೇ? ಅಜ್ಜಿಯ ಮಾತು ಒಣಗಿದ ಗೋಡೆಗೆ ಸರಿ, ನಮ್ಮಂಥದಕ್ಕಲ್ಲ. ಪೇಂಟಿನವನೊಬ್ಬ ಫೆವಿಕಾಲ್ ಹಾಕಿ ಅಂದ. ಹತ್ತುವುದು ನಿಲ್ಲುತ್ತದೆ, ಆದರೆ ಗೋಡೆಯ ಉಸಿರು ಕಟ್ಟುತ್ತದೆ, ಮತ್ತೆ ಪುಟ್ಟಿಯ ಕಥೆಯೇ. ಬೇಡ ಅಂದೆ.

ಕೊನೆಗೆ ಗೊತ್ತಾಯಿತು, ತಪ್ಪು ನನ್ನದೇ. ಪೇಂಟಿನ ಚಾಳಿ, ಒಂದೇ ಕೋಟಿನಲ್ಲಿ ಬೆಳ್ಳಗಾಗಲಿ ಅಂತ ಮೊಸರಿನಷ್ಟು ಗಟ್ಟಿ ಕಲಸಿ ಒಣ ಗೋಡೆಗೆ ಬಳಿದಿದ್ದೆ. ಗಾಳಿಯ ಜೊತೆ ಸೇರಿ ಕಲ್ಲಾಗಬೇಕಾದ ಸುಣ್ಣ, ಅದಕ್ಕೆ ಮುಂಚೆಯೇ ಒಣಗಿ ಬರೀ ಪುಡಿಯಾಗಿ ಕೂತಿತ್ತು. ಎಲ್ಲ ತಿಕ್ಕಿ ತೆಗೆದು, ಉಪ್ಪು ಹೋಗಲಿ ಅಂತ ಎರಡು ಸಲ ತೊಳೆದು, ಗೋಡೆ ಒದ್ದೆ ಮಾಡಿ, ನೀರು ಹಾಲಿನಷ್ಟು ತೆಳ್ಳಗೆ, ದಿನಕ್ಕೊಂದರಂತೆ ಐದು ಕೋಟು ಹೊಡೆದೆ. ಬಳಿದಾಗ ಏನೂ ಕಾಣುವುದಿಲ್ಲ, ಮೋಸ ಹೋದೆ ಅನಿಸುತ್ತದೆ. ಮಾರನೇ ದಿನ ನೋಡಿದರೆ ಬೆಳ್ಳಗೆ. ಈಗಲೂ ಜೋರಾಗಿ ಉಜ್ಜಿದರೆ ಒಂಚೂರು ಹತ್ತುತ್ತದೆ, ಒರಗಿ ಕೂತರೆ ಇಲ್ಲ.

ಎರಡು ಮಳೆಗಾಲ ಆಯಿತು. ತೇವ ಪೂರ್ತಿ ಹೋಗಿದೆಯಾ? ಇಲ್ಲ. ಆಟಿಯಲ್ಲಿ ಕೆಳಗೆ ಒಂದು ಗೇಣು ಬಣ್ಣ ಬದಲಾಗುತ್ತದೆ, ದೀಪಾವಳಿಗೆ ಮುಂಚೆ ತಾನೇ ಆರುತ್ತದೆ. ಹಪ್ಪಳ ಇಲ್ಲ, ವಾಸನೆ ಇಲ್ಲ.

ಖರ್ಚು: ಸುಣ್ಣದ್ದು ಪುಟ್ಟಿ-ಪೇಂಟಿನ ಮೂರನೇ ಒಂದು ಭಾಗ, ನನ್ನ ಮೈಕೈ ನೋವು ಬಿಟ್ಟು. ಸಮಯ: ಸುಣ್ಣ ಸೋಲುತ್ತದೆ, ಅದೂ ಹೀನಾಯವಾಗಿ. ಅಂದ: ಪುಟ್ಟಿ, ಜೂನ್ ತನಕ. 

ನಾನು ಊರಲ್ಲೇ ಇರುವವನು, ದೀಪಾವಳಿಗೆ ಮುಂಚೆ ಒಂದು ಕೋಟು ತಿಳಿ ಬಳಿಯುವುದು ನನಗೆ ಭಾರವಲ್ಲ, ಕೈಯಲ್ಲಿ ದುಡ್ಡಿಗಿಂತ ಭಾನುವಾರ ಜಾಸ್ತಿ. ಹಾಗಾಗಿ ಸುಣ್ಣ. ಮನೆಗೆ ಬೀಗ ಹಾಕಿ ಬೆಂಗಳೂರಲ್ಲೋ ದುಬೈಯಲ್ಲೋ ಇರುವವರು ಅಂಗಳದ ಮಣ್ಣು ತೆಗೆಸಿ, ಉದುರುವ ಪೇಂಟು ಕೆತ್ತಿಸಿ, ಗೋಡೆಯನ್ನು ಬೋಳಾಗಿ ಬಿಟ್ಟು ಹೋಗಿ. ಕಾಂಕ್ರೀಟ್ ಕಂಬದ ಹೊಸ ಮನೆಯವರಿಗೆ ನನ್ನ ಈ ಪುರಾಣ ಬೇಡ, ಅಲ್ಲಿ ನೀರಿನ ದಾರಿಯೇ ಬೇರೆ.

ಡ್ರಮ್ಮಿನಲ್ಲಿ ಇನ್ನೂ ಅರ್ಧ ಸುಣ್ಣ ಇದೆ, ನೀರಿನಡಿ ಇಟ್ಟರೆ ಕೆಡುವುದಿಲ್ಲ. ಈ ಸಲ ಉತ್ತರದ ಕೋಣೆಗೆ. ಬಚ್ಚಲಿನ ಪಕ್ಕದ ಗೋಡೆಗೂ ಹಾಕೋಣ ಅಂದರು ಅಮ್ಮ. ಅಲ್ಲಿ ತೇವ ಬೇಸಿಗೆಯಲ್ಲೂ ಇದೆ, ಪೈಪು ಸೋರುತ್ತಿರಬೇಕು. ಪ್ಲಂಬರ್‌ಗೆ ಫೋನ್ ಮಾಡಿ ಹದಿನೈದು ದಿನ ಆಯಿತು, ನಾಳೆ ಬರುತ್ತೇನೆ ಅನ್ನುತ್ತಿದ್ದಾನೆ.