ಲ್ಯಾಂಡ್‌ಲೈನ್, ಐಪಿ ಪಿಬಿಎಕ್ಸ್, ಕ್ಲೌಡ್ ಫೋನ್: ಮೂರನ್ನೂ ಅಂಗಡಿಯಲ್ಲಿ ನಡೆಸಿ ನೋಡಿದ್ದು

ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ನಮ್ಮದು ಪಂಪು, ಮೋಟರ್, ವಾಲ್ವ್ ವ್ಯಾಪಾರ. ಗದಗಿನಲ್ಲಿ ಒಂದು ಬ್ರಾಂಚ್, ತಾರಿಹಾಳದಲ್ಲಿ ಗೋಡೌನ್. ಬೇಸಿಗೆ ಬಂತೆಂದರೆ ಬೋರ್‌ವೆಲ್ ಮೋಟರ್ ಸುಟ್ಟವರ ಫೋನ್ ಬೆಳಗಿನಿಂದಲೇ ಶುರು. ಎರಡು ಸಲ ರಿಂಗಾಗಿ ನಾವು ಎತ್ತದಿದ್ದರೆ ಗಿರಾಕಿ ಬೇರೆ ಅಂಗಡಿಗೆ ಹಚ್ಚುತ್ತಾನೆ. ಹೀಗಿರುವಾಗ ತಾಮ್ರದ ಲೈನು ಪದೇ ಪದೇ ಡೆಡ್ ಆಗತೊಡಗಿತು. ರಸ್ತೆ ಅಗೆದಾಗಲೆಲ್ಲ ಕೇಬಲ್ ಕಟ್, ಮಳೆ ಬಂದರೆ ಕರಕರ ಸದ್ದು.

ಬದಲಾಯಿಸಲು ಹೊರಟಾಗ ಮುಂದಿದ್ದದ್ದು ಎರಡು ದಾರಿ. ಒಂದು, ಫೈಬರ್ ಮೇಲೆ ಸಿಪ್ ಲೈನ್ (ಇಂಟರ್ನೆಟ್ ರೀತಿಯಲ್ಲೇ ಮಾತು ಸಾಗಿಸುವ ಫೋನ್ ಲೈನ್) ತೆಗೆದುಕೊಂಡು ಆಫೀಸಿನಲ್ಲೇ ಐಪಿ ಪಿಬಿಎಕ್ಸ್, ಅಂದರೆ ಒಳಗಿನ ಫೋನುಗಳಿಗೆ ಕರೆ ಹಂಚುವ ಪೆಟ್ಟಿಗೆ, ಇಟ್ಟುಕೊಳ್ಳುವುದು. ಇನ್ನೊಂದು, ತಿಂಗಳ ಬಾಡಿಗೆಯ ಕ್ಲೌಡ್ ಫೋನ್. ಅದರಲ್ಲಿ ನಮ್ಮ ಕಡೆ ಪೆಟ್ಟಿಗೆಯೇ ಇರುವುದಿಲ್ಲ, ಮೊಬೈಲಿನಲ್ಲಿ ಒಂದು ಆ್ಯಪ್ ಅಷ್ಟೇ. ಹಳೆ ಲೈನನ್ನೂ ಕೀಳಿಸದೆ ಎರಡನ್ನೂ ನಡೆಸಿ ನೋಡಿದೆವು.

ಮಾರಲು ಬಂದವರೆಲ್ಲ ಮೊದಲು ಹೇಳಿದ್ದು "ಕಾಲ್ ಖರ್ಚು ಉಳಿಯುತ್ತೆ ಸರ್" ಅಂತ. ಆ ಮಾತಿಗೆ ಈಗ ತೂಕವಿಲ್ಲ. ಒಂದು ಮೊಬೈಲಿನಿಂದ ಬೇರೆ ಕಂಪನಿಯ ಮೊಬೈಲಿಗೆ ಕರೆ ಮುಟ್ಟಿಸಲು ಕಂಪನಿಗಳು ಪರಸ್ಪರ ಕೊಡಬೇಕಿದ್ದ ನಿಮಿಷಕ್ಕೆ 6 ಪೈಸೆ 2021ರ ಜನವರಿ 1ರಿಂದ ಇಲ್ಲವಾಗಿದೆ. ದೇಶದೊಳಗಿನ ಮಾತು ಬಹುತೇಕ ಪ್ಯಾಕುಗಳಲ್ಲಿ ಹೆಚ್ಚುಕಡಿಮೆ ಪುಕ್ಕಟೆ. ಹಾಗಾಗಿ ನಾನು ನೋಡಿದ್ದು ಮೂರೇ ವಿಷಯ: ಹಳೆ ನಂಬರ್ ಉಳಿಯುತ್ತಾ, ಕರೆಂಟ್ ಹೋದಾಗ ಏನಾಗುತ್ತೆ, ಕೆಟ್ಟರೆ ಸರಿಮಾಡುವವರು ಯಾರು.

ನಂಬರಿನ ವಿಷಯಕ್ಕೇ ನಾನು ಜಾಸ್ತಿ ತಲೆ ಕೆಡಿಸಿಕೊಂಡಿದ್ದು. 0836ರ ಮುಂದಿನ ನಮ್ಮ ಏಳು ಅಂಕಿ ಬಿಲ್ ಬುಕ್ಕಿನಲ್ಲಿದೆ, ಕ್ಯಾಲೆಂಡರಿನಲ್ಲಿದೆ, ನವಲಗುಂದ, ಅಣ್ಣಿಗೇರಿ ಕಡೆಯ ಹೊಲಗಳ ಸ್ಟಾರ್ಟರ್ ಡಬ್ಬಿಗಳ ಮೇಲೆ ಸ್ಟಿಕ್ಕರ್ ಆಗಿ ಅಂಟಿದೆ. ಮೊಬೈಲ್ ನಂಬರನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಪೋರ್ಟ್ ಮಾಡಬಹುದು. ಲ್ಯಾಂಡ್‌ಲೈನಿಗೆ ಆ ಸೌಲಭ್ಯ ನಮ್ಮ ದೇಶದಲ್ಲಿ ಇಲ್ಲ. ಅದೇ ಕಂಪನಿಯಲ್ಲೇ ಉಳಿದು ತಾಮ್ರದಿಂದ ಫೈಬರಿಗೆ ಹೋದರೆ ನಂಬರ್ ಉಳಿಸಿಕೊಳ್ಳಬಹುದು. ನಾವು ಹಾಗೇ ಮಾಡಿಸಿದೆವು. ಕ್ಲೌಡ್‌ನವರು ಮಾತ್ರ ಹೊಸ ನಂಬರನ್ನೇ ಕೊಟ್ಟರು. ಹಳೆಯದಕ್ಕೆ ಬಂದ ಕರೆಯನ್ನು ಅಲ್ಲಿಗೆ ಫಾರ್ವರ್ಡ್ ಮಾಡಬಹುದು, ಆದರೆ ಹಳೆ ಲೈನಿನ ಬಾಡಿಗೆಯನ್ನೂ ಕಟ್ಟುತ್ತಲೇ ಇರಬೇಕು. ಅದಕ್ಕಿಂತ ದೊಡ್ಡ ತೊಂದರೆ ನಾವು ತಿರುಗಿ ಫೋನ್ ಹಚ್ಚಿದಾಗ. 0836 ಕಂಡರೆ ನಮ್ಮ ಕಡೆಯ ಜನ ಎತ್ತುತ್ತಾರೆ. ಯಾವುದೋ ಗುರುತಿಲ್ಲದ ನಂಬರ್ ಕಂಡರೆ ಲೋನ್ ಕೊಡುವವರು ಅಂದುಕೊಂಡು ಕಟ್ ಮಾಡುತ್ತಾರೆ.

ಕರೆಂಟ್ ವಿಷಯದಲ್ಲಿ ತಾಮ್ರವನ್ನು ಮೀರಿಸುವಂಥದ್ದು ಯಾವುದೂ ಇಲ್ಲ. ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟ್ ಅದೇ ತಂತಿಯಲ್ಲಿ ಬರುತ್ತೆ. ಊರೆಲ್ಲ ಕತ್ತಲಾಗಿದ್ದರೂ ಸಾದಾ ಫೋನ್ ರಿಂಗಾಗುತ್ತೆ. ಫೈಬರಿನಲ್ಲಿ ಬರುವುದು ಬೆಳಕು. ಮೋಡೆಮ್, ಸ್ವಿಚ್, ಪಿಬಿಎಕ್ಸ್, ಟೇಬಲ್ ಮೇಲಿನ ಫೋನ್, ಎಲ್ಲಕ್ಕೂ ನಾವೇ ಕರೆಂಟ್ ಕೊಡಬೇಕು. ಮೊದಲು ಇವನ್ನೆಲ್ಲ ಅಂಗಡಿಯ ಇನ್ವರ್ಟರಿಗೆ ಜೋಡಿಸಿದ್ದೆವು. ಕರೆಂಟ್ ಹೋಗಿ ಇನ್ವರ್ಟರ್ ಹಿಡಿಯುವ ಆ ಕ್ಷಣದಲ್ಲೇ ಮೋಡೆಮ್ ರೀಸ್ಟಾರ್ಟ್ ಆಗುತ್ತಿತ್ತು. ಅದು ಎದ್ದು, ಆಮೇಲೆ ಪಿಬಿಎಕ್ಸ್ ಎದ್ದು, ಲೈನ್ ಬರುವಷ್ಟರಲ್ಲಿ ಮಾತಾಡುತ್ತಿದ್ದ ಗಿರಾಕಿ ಎಲ್ಲಿರುತ್ತಾನೆ? ಈಗ ಪಿಒಇ ಸ್ವಿಚ್ ಹಾಕಿಸಿದ್ದೇವೆ. ನೆಟ್‌ವರ್ಕ್ ಕೇಬಲ್ಲಿನಲ್ಲೇ ಫೋನುಗಳಿಗೆ ಕರೆಂಟ್ ಹೋಗುತ್ತೆ. ಟೇಬಲ್ ಕೆಳಗಿನ ಒಂದು ಕಂಪ್ಯೂಟರ್ ಯುಪಿಎಸ್ ಎಲ್ಲವನ್ನೂ ಹಿಡಿದಿಡುತ್ತೆ. ಇದನ್ನು ಹಾಕಿಸುವವರು ಯುಪಿಎಸ್ ಪ್ಲಗ್ ಕಿತ್ತು, ಮಾತಾಡುತ್ತಲೇ ಪರೀಕ್ಷೆ ಮಾಡಿಸಿಕೊಳ್ಳಿ.

ಇಂಟರ್ನೆಟ್ ಸ್ಪೀಡ್ ಸಾಕಾಗುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಧಾರಾಳ ಸಾಕು. ಸಾಮಾನ್ಯ ಕೋಡೆಕ್ಕಿನಲ್ಲಿ (ಮಾತನ್ನು ಡಿಜಿಟಲ್ ಮಾಡುವ ವಿಧಾನ) ಒಂದು ಕರೆಗೆ ಹೋಗಲು, ಬರಲು ತಲಾ 90 ಕೆಬಿಪಿಎಸ್ ಆಸುಪಾಸು ಬೇಕು. ಹತ್ತು ಜನ ಒಟ್ಟಿಗೆ ಮಾತಾಡಿದರೂ 1 ಎಂಬಿಪಿಎಸ್ ಒಳಗೇ. ಮಾತು ಹಾಳಾಗುವುದು ಪ್ಯಾಕೆಟ್ಟುಗಳು, ಅಂದರೆ ಮಾತನ್ನು ಕತ್ತರಿಸಿ ಕಳಿಸುವ ಚೂರುಗಳು, ತಡವಾಗಿ ಬಂದಾಗ, ಕಳೆದುಹೋದಾಗ. ಬಿಲ್ಲಿಂಗ್ ಹುಡುಗ ದೊಡ್ಡ ಫೈಲ್ ಕಳಿಸಲು ಕೂತರೆ ಕೌಂಟರಿನ ಮಾತು ತುಂಡುತುಂಡಾಗುತ್ತಿತ್ತು. ರೌಟರಿನಲ್ಲಿ ಮಾತಿಗೆ ಮೊದಲ ಜಾಗ ಕೊಡಿಸಿದ ಮೇಲೆ ನಿಂತಿತು.

ಗದಗಿನ ಗೋಳೇ ಬೇರೆ. ಅಲ್ಲಿಯ ಫೋನನ್ನೂ ಹುಬ್ಬಳ್ಳಿಯ ಪೆಟ್ಟಿಗೆಗೇ ಎಕ್ಸ್‌ಟೆನ್ಷನ್ ಮಾಡಿದ್ದೆವು. ಅವರ ಮಾತು ನಮಗೆ ಸ್ಪಷ್ಟ, ನಮ್ಮದು ಅವರಿಗೆ ಇಲ್ಲ. "ಅಣ್ಣಾರ, ಏನೂ ಕೇಳಸವಲ್ದರೀ" ಅಂತ ಆ ಕಡೆಯಿಂದ ಕೂಗು. ಕೊನೆಗೆ ಕಾರಣ ಸಿಕ್ಕಿದ್ದು ಅಲ್ಲಿಯ ರೌಟರಿನಲ್ಲಿ. ಸಿಪ್ ಎಎಲ್‌ಜಿ ಅನ್ನುವ ಸೆಟ್ಟಿಂಗ್ ಆನ್ ಆಗಿತ್ತು. ಸಹಾಯಕ್ಕೆಂದೇ ಇಟ್ಟದ್ದಂತೆ, ಆದರೆ ಕರೆಯ ವಿಳಾಸವನ್ನು ತಪ್ಪಾಗಿ ತಿದ್ದುತ್ತಿತ್ತು. ಆಫ್ ಮಾಡಿದ ಕೂಡಲೇ ಎರಡೂ ಕಡೆ ಮಾತು ಬಂತು.

ಕ್ಲೌಡಿನಲ್ಲಿ ಇಂಥ ತಲೆನೋವು ಕಡಿಮೆ, ಒಪ್ಪಬೇಕು. ಮಾಡಿಸಿದ ದಿನವೇ ಶುರುವಾಯಿತು. ಮಿಸ್ಡ್ ಕಾಲ್ ಪಟ್ಟಿ, ರೆಕಾರ್ಡಿಂಗ್, ಯಾರು ಎಷ್ಟು ಹೊತ್ತು ಮಾತಾಡಿದರು, ಎಲ್ಲ ಒಂದೇ ಕಡೆ ಕಾಣುತ್ತೆ. ಹೊರಗೆ ಓಡಾಡುವ ಹುಡುಗರಿಗೆ ಹೇಳಿ ಮಾಡಿಸಿದ್ದು. ಆದರೆ ಆ್ಯಪ್ ಓಡುವುದು ಮೊಬೈಲ್ ಡೇಟಾ ಮೇಲೆ, ನಮ್ಮ ಗೋಡೌನಿಗೆ ತಗಡಿನ ಛಾವಣಿ, ಒಳಗೆ ಸಿಗ್ನಲ್ ನಿಲ್ಲಲ್ಲ. ಜೊತೆಗೆ ತಲೆಗೆ ಇಷ್ಟು ಅಂತ ತಿಂಗಳ ಬಾಡಿಗೆ, ಮೇಲೆ 18% ಜಿಎಸ್‌ಟಿ. ನಾಲ್ಕೈದು ಜನರ ಆಫೀಸಾದರೆ ಪರವಾಗಿಲ್ಲ. ಜನ ಹೆಚ್ಚಾದಂತೆ ಸ್ವಂತ ಪೆಟ್ಟಿಗೆಯೇ ಅಗ್ಗ ಬೀಳುತ್ತೆ.

ಕ್ಲೌಡ್‌ನವರು "ಕನ್ನಡಕ್ಕಾಗಿ ಒಂದು ಒತ್ತಿ" ಅನ್ನುವ ಮೆನುವನ್ನೂ ಇಟ್ಟುಕೊಟ್ಟಿದ್ದರು. ಹಿರಿಯ ಗಿರಾಕಿಯೊಬ್ಬರು ಅಂಗಡಿಗೇ ಬಂದು, "ಯಾರೋ ಹೆಣ್ಣಮಗಳು ಒಂದ ಸಮ ತಾನ ಮಾತಾಡತಾಳ್ರೀ, ನನ್ನ ಮಾತ ಕೇಳವಲ್ಲಳು" ಅಂದರು. ಅವತ್ತೇ ಮೆನು ತೆಗೆಸಿದೆ.

ಸ್ವಂತ ಪಿಬಿಎಕ್ಸ್ ಇಟ್ಟುಕೊಳ್ಳುವವರಿಗೆ ಎರಡು ಮಾತು. ಆಸ್ಟೆರಿಸ್ಕ್ ಎಂಬ ಪಿಬಿಎಕ್ಸ್ ಸಾಫ್ಟ್‌ವೇರ್ 1999ರಿಂದಲೂ ಪುಕ್ಕಟೆ ಸಿಗುತ್ತೆ, ಹಳೆ ಕಂಪ್ಯೂಟರಿನಲ್ಲೂ ಓಡುತ್ತೆ. ಆದರೆ ಗೊತ್ತಿದ್ದವರೊಬ್ಬರು ಕರೆದಾಗ ಬರುವಂತಿರಬೇಕು. ಅದರ 5060 ಪೋರ್ಟನ್ನು (ಸಿಪ್ ಕರೆಗಳು ಒಳಬರುವ ಬಾಗಿಲು) ಸುಮ್ನೆ ಇಂಟರ್ನೆಟ್ಟಿಗೆ ತೆರೆದಿಟ್ಟರೆ ಎಲ್ಲೆಲ್ಲಿಂದಲೋ ಪಾಸ್‌ವರ್ಡ್ ಊಹಿಸಲು ಶುರು ಮಾಡುತ್ತಾರೆ. ಒಳಗೆ ನುಗ್ಗಿದರೆ ನಮ್ಮ ಲೈನಿನಿಂದ ಹೊರದೇಶಕ್ಕೆ ಕರೆ, ಬಿಲ್ ನಮಗೆ. ನಾವು ಐಎಸ್‌ಡಿಯನ್ನೇ ಬಂದ್ ಮಾಡಿಸಿದ್ದೇವೆ. ಲೈನನ್ನು ಲೈಸೆನ್ಸ್ ಇರುವ ಕಂಪನಿಯಿಂದಲೇ ತೆಗೆದುಕೊಳ್ಳಿ. ಸಿಮ್ ಬಾಕ್ಸ್ (ಹಲವು ಸಿಮ್ ಹಾಕಿ ಇಂಟರ್ನೆಟ್ ಕರೆಯನ್ನು ಮೊಬೈಲ್ ಕರೆಯಾಗಿಸುವ ಪೆಟ್ಟಿಗೆ) ಇಟ್ಟು ಕರೆ ತಿರುಗಿಸುವುದು ಕಳ್ಳ ವ್ಯವಹಾರ, ಪೊಲೀಸ್ ಕೇಸಾಗುತ್ತೆ.

ಫ್ಯಾಕ್ಸ್ ಇನ್ನೂ ಬಳಸುವವರಿದ್ದರೆ ಅದಕ್ಕೆ ತಾಮ್ರವೇ ಇರಲಿ. ಇಂಟರ್ನೆಟ್ ಲೈನಿನಲ್ಲಿ ಪುಟ ಅರ್ಧಕ್ಕೆ ನಿಲ್ಲುವುದು ಸಾಮಾನ್ಯ.

ನಾವು ಉಳಿಸಿಕೊಂಡದ್ದು ಸ್ವಂತ ಪಿಬಿಎಕ್ಸ್, ಹಳೆ ನಂಬರಿನೊಂದಿಗೆ. ಗದಗ ಅದರದೇ ಎಕ್ಸ್‌ಟೆನ್ಷನ್. ಹೊರಗಿನ ಹುಡುಗರ ಆ್ಯಪ್ ಕೂಡ ಅದಕ್ಕೇ ಸೇರುತ್ತೆ. ಕ್ಲೌಡ್ ನಿಲ್ಲಿಸಿದೆವು. ಇನ್ನೊಂದು ತಾಮ್ರದ ಲೈನ್ ಗೋಡೌನಿನಲ್ಲಿ ಹಾಗೇ ಇದೆ, ಕಾವಲುಗಾರನಿಗೆ. ಫೈಬರ್ ಕೈಕೊಟ್ಟರೆ ಇರಲಿ ಅಂತ ಬೇರೆ ಕಂಪನಿಯ ನೆಟ್ ಒಂದನ್ನು ಹಾಕಿಸಿದ್ದೇವೆ. ಹಾಕಲು ಬಂದವನು ಮೊದಲ ಲೈನ್ ಬರುವ ಕಂಬಕ್ಕೇ ಇದನ್ನೂ ಕಟ್ಟಲು ಹೊರಟಿದ್ದ. ಲಾರಿ ಬಡಿದರೆ ಎರಡೂ ಒಟ್ಟಿಗೆ ಹೋಗುತ್ತವಲ್ಲ! ಹಿಂದಿನ ಗಲ್ಲಿಯ ಕಡೆಯಿಂದ ಎಳೆಸಿದೆವು.