ನೀಲಿ ಪಂಪ್ ಒಂದನ್ನೇ ನಂಬಿ ಕೂರಬೇಡಿ

1976ರಲ್ಲಿ ನ್ಯೂಜಿಲೆಂಡಿನಲ್ಲಿ ಫೆನೊಟೆರಾಲ್ ಎಂಬ ಇನ್ಹೇಲರ್ ಮಾರಾಟಕ್ಕೆ ಬಂತು. ಒಂದು ಪಫ್‌ಗೆ 200 ಮೈಕ್ರೊಗ್ರಾಂ ಔಷಧ. ಅದೇ ಜಾತಿಯ, ನಮ್ಮ ನೀಲಿ ಪಂಪಿನ ಔಷಧವಾದ ಸಾಲ್ಬುಟಮಾಲ್‌ನಲ್ಲಿ ಇರುವುದು 100. ಎಳೆದ ಕೆಲವೇ ನಿಮಿಷಕ್ಕೆ ಎದೆ ಹಗುರ. ಆದರೆ ಅದು ಬಂದ ಮೇಲೆ ಅಲ್ಲಿ ಆಸ್ತಮಾದಿಂದ ಸಾಯುವವರು ಹೆಚ್ಚುತ್ತ ಹೋದರು, ಅದೂ ವಯಸ್ಸಿನ ಹುಡುಗ ಹುಡುಗಿಯರು. 1989ರಲ್ಲಿ ಸಂಶೋಧಕರು ಈ ಔಷಧಕ್ಕೂ ಸಾವಿಗೂ ಇರುವ ನಂಟನ್ನು ಬೆಳಕಿಗೆ ತಂದರು. ಬಳಕೆಗೆ ಕಡಿವಾಣ ಬಿತ್ತು, ಸಾವೂ ಇಳಿಯಿತು.

ಚೀಟಿ ಇಲ್ಲದೆ ಮೆಡಿಕಲ್ ಸ್ಟೋರಿನಲ್ಲಿ ನೀಲಿ ಸಾಲ್ಬುಟಮಾಲ್ ಪಂಪ್ ಕೊಂಡು ವರ್ಷಗಟ್ಟಲೆ ಅದರಲ್ಲೇ ದಿನ ತಳ್ಳುವವರು ನಮ್ಮಲ್ಲಿ ಎಷ್ಟೋ ಜನ. ಅಂಥವರು ಇದನ್ನು ದಯವಿಟ್ಟು ಓದಬೇಕು.

ಶ್ವಾಸನಾಳದ ಸ್ನಾಯುಕೋಶಗಳ ಮೇಲೆ, ಔಷಧ ಬಂದು ಕೂರುವ ಬೀಟಾ-2 ಎಂಬ ರಿಸೆಪ್ಟರ್‌ಗಳಿವೆ. ಸಾಲ್ಬುಟಮಾಲ್ ಬಂದು ಅದಕ್ಕೆ ಕೂತರೆ ಬಿಗಿದ ಸ್ನಾಯು ಸಡಿಲಾಗುತ್ತದೆ. ದಿನಕ್ಕೆ ನಾಲ್ಕಾರು ಸಲ, ತಿಂಗಳುಗಟ್ಟಲೆ ಹೀಗೇ ಬಡಿಯುತ್ತಿದ್ದರೆ ಕೋಶ ಆ ರಿಸೆಪ್ಟರ್‌ಗಳನ್ನು ಒಳಗೆಳೆದುಕೊಳ್ಳುತ್ತದೆ, ಒಂದಷ್ಟನ್ನು ಒಡೆದೇ ಹಾಕುತ್ತದೆ. ಆಮೇಲೆ ಅದೇ ಎರಡು ಪಫ್‌ಗೆ ಮೊದಲಿನ ಬಲ ಇರುವುದಿಲ್ಲ. ಒಳಗಿನ ಉರಿಯೂತವನ್ನಂತೂ ಈ ಔಷಧ ಮುಟ್ಟುವುದೇ ಇಲ್ಲ. ನಾಳ ಊದುತ್ತಲೇ ಇರುತ್ತದೆ, ಕಫ ಕಟ್ಟುತ್ತಲೇ ಇರುತ್ತದೆ.

ಇದಕ್ಕೆ ತಿರುಗೇಟು ಕೊಡುವುದು ಪಂಪಿನಲ್ಲೇ ಎಳೆಯುವ ಬುಡೆಸೊನೈಡ್, ಫ್ಲುಟಿಕಾಸೋನ್, ಬೆಕ್ಲೊಮೆಥಾಸೋನ್‌ನಂಥ ಸ್ಟೀರಾಯ್ಡ್‌ಗಳು. ಕೋಶದೊಳಗೆ ಹೋಗಿ, ನ್ಯೂಕ್ಲಿಯಸ್ ಸೇರಿ, ಬೀಟಾ-2 ರಿಸೆಪ್ಟರ್‌ನ ಜೀನ್ ಹೆಚ್ಚು ಓದಿಕೊಳ್ಳುವಂತೆ ಮಾಡುತ್ತವೆ. ಹೊಸ ರಿಸೆಪ್ಟರ್‌ಗಳು ತಯಾರಾಗುತ್ತವೆ. ಊತ ಇಳಿಸುವುದು ಇವುಗಳ ಮುಖ್ಯ ಕೆಲಸ, ರಿಸೆಪ್ಟರ್ ಹೆಚ್ಚಿಸುವುದು ಜೊತೆಗೆ ಸಿಗುವ ಲಾಭ. ಎರಡಕ್ಕೂ ಸಮಯ ಬೇಕು. ರಿಸೆಪ್ಟರ್ ಹೆಚ್ಚಲು ಗಂಟೆಗಳು, ಊತ ಪೂರ್ತಿ ಹತೋಟಿಗೆ ಬರಲು ವಾರಗಳು. ಎರಡು ದಿನ ಎಳೆದು "ಏನೂ ಆಗಲಿಲ್ಲ" ಎಂದು ಮೂಲೆಗೆ ಎಸೆಯುವ ಪಂಪ್ ಇದೇ.

"ಸ್ಟೀರಾಯ್ಡ್ ಬೇಡಪ್ಪ" ಎನ್ನುವವರು ಒಂದು ಲೆಕ್ಕ ನೋಡಿ. 200 ಮೈಕ್ರೊಗ್ರಾಮಿನ 200 ಪಫ್ ಇರುವ ಇಡೀ ಬುಡೆಸೊನೈಡ್ ಡಬ್ಬಿಯ ಔಷಧ ತೂಕದಲ್ಲಿ 40 ಮಿಲಿಗ್ರಾಂ. ಉಬ್ಬಸ ಕೆರಳಿದಾಗ ದೊಡ್ಡವರಿಗೆ ಐದರಿಂದ ಏಳು ದಿನ ಕೊಡುವ ಪ್ರೆಡ್ನಿಸೊಲೋನ್ ಮಾತ್ರೆ ದಿನಕ್ಕೇ 40–50 ಮಿಲಿಗ್ರಾಂ. ಎರಡರ ಶಕ್ತಿ ಬೇರೆ ಬೇರೆ, ಆದರೂ ಪಂಪಿಗೆ ಹೆದರಿ ಪದೇ ಪದೇ ಮಾತ್ರೆಗೆ ಬೀಳುವುದರಲ್ಲಿ ಏನು ಬಂತು?

ಆಸ್ತಮಾಕ್ಕೆ ಸಾಲ್ಬುಟಮಾಲ್ ಒಂದನ್ನೇ ಬಳಸುವುದು ಬೇಡವೆಂದು ಗಿನಾ (ಆಸ್ತಮಾ ಕುರಿತ ಜಾಗತಿಕ ತಜ್ಞರ ಸಂಸ್ಥೆ) ಮಾರ್ಗಸೂಚಿ 2019ರಲ್ಲೇ ಹೇಳಿದೆ. 200 ಪಫ್‌ನ ಡಬ್ಬಿ ವರ್ಷಕ್ಕೆ ಮೂರು ಅಥವಾ ಹೆಚ್ಚು ಖಾಲಿಯಾದರೆ ಉಬ್ಬಸ ಕೆರಳುವ ಅಪಾಯ ಜಾಸ್ತಿ. ಹನ್ನೆರಡು ಮುಟ್ಟಿದರೆ ಸಾವಿನ ಅಪಾಯವೂ ಜಾಸ್ತಿ. ಡಬ್ಬಿಯ ಮೇಲೆ ಕೊಂಡ ತಾರೀಕು ಪೆನ್ನಿನಲ್ಲಿ ಬರೆದಿಡಿ, ಲೆಕ್ಕ ತಾನೇ ಸಿಗುತ್ತದೆ. ಹಾಗೆಯೇ ಇದೇ ಜಾತಿಯ, ಹೆಚ್ಚು ಹೊತ್ತು ಕೆಲಸ ಮಾಡುವ ಸಾಲ್ಮೆಟೆರಾಲ್ ಅಥವಾ ಫಾರ್ಮೊಟೆರಾಲ್ ಮಾತ್ರ ಇರುವ ಪಂಪ್ ಆಸ್ತಮಾಕ್ಕೆ ಬೇಡ. ಸಾಲ್ಮೆಟೆರಾಲ್ ಕುರಿತ ದೊಡ್ಡ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. 26,000ಕ್ಕೂ ಹೆಚ್ಚು ಜನರಿದ್ದ ಅದರಲ್ಲಿ ಆಸ್ತಮಾದಿಂದ ಸತ್ತವರು ಔಷಧ ಪಡೆದವರಲ್ಲಿ 13, ಪಡೆಯದವರಲ್ಲಿ 3. ಸ್ಟೀರಾಯ್ಡ್ ಜೊತೆಗಿದ್ದರೆ ಮಾತು ಬೇರೆ.

ಎಳೆಯುವ ರೀತಿಯಲ್ಲೂ ಅರ್ಧ ಔಷಧ ಹಾಳಾಗುತ್ತದೆ. ಡಬ್ಬಿ ಕುಲುಕಿ, ಉಸಿರು ಪೂರ್ತಿ ಬಿಡಿ, ಸ್ಪೇಸರ್ (ಪಂಪಿಗೆ ಜೋಡಿಸುವ ಟೊಳ್ಳು ಕೊಳವೆ) ಬಾಯಿಗಿಟ್ಟು ಒಂದೇ ಪಫ್ ಒತ್ತಿ, ನಿಧಾನವಾಗಿ ಎಳೆದು ಹತ್ತು ಎಣಿಸುವವರೆಗೆ ಹಿಡಿಯಿರಿ. ಸ್ಟೀರಾಯ್ಡ್ ಆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ, ಇಲ್ಲದಿದ್ದರೆ ನಾಲಗೆ ಮೇಲೆ ಬಿಳಿ ಬೂಷ್ಟು. ಸ್ಪೇಸರನ್ನು ಸೋಪಿನ ನೀರಲ್ಲಿ ಅದ್ದಿ ಹಾಗೇ ಒಣಗಲು ಬಿಡಿ. ಬಟ್ಟೆಯಲ್ಲಿ ಒರೆಸಿದರೆ ಸ್ಥಿರವಿದ್ಯುತ್ ಹುಟ್ಟಿ ಔಷಧ ಗೋಡೆಗೇ ಅಂಟುತ್ತದೆ.

ಇನ್ನೊಂದು ಅಪಾಯವೂ ಇದೆ. ಸಾಲ್ಬುಟಮಾಲ್ ಹೆಚ್ಚಾದರೆ ಕೈ ನಡುಗುತ್ತದೆ, ಎದೆ ಡವಡವ. ಅದಕ್ಕೆಂದು ಯಾರೋ ಎದೆಬಡಿತ ಇಳಿಸುವ ಪ್ರೊಪ್ರನೊಲಾಲ್ ಕೊಟ್ಟರೆ ಉಳಿದ ರಿಸೆಪ್ಟರ್‌ಗಳಿಗೂ ಬೀಗ ಬಿದ್ದಂತೆ. ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆಗೆ ಹಾಕುವ ಟಿಮೊಲಾಲ್ ಕಣ್ಣಿನ ಹನಿಯೂ ಇದೇ ಕೆಲಸ ಮಾಡಬಲ್ಲದು. ಕಣ್ಣಿನ ಡಾಕ್ಟರಿಗೂ ನಿಮ್ಮ ಪಂಪ್ ತೋರಿಸಿ. ಒಮ್ಮೆ ಎಳೆದ ಪಫ್ ಕೊಟ್ಟ ಆರಾಮ ಮೂರು-ನಾಲ್ಕು ಗಂಟೆಯೂ ಉಳಿಯದಿದ್ದರೆ ಅಂದೇ ವೈದ್ಯರ ಬಳಿ ಹೋಗಿ. ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ ಕಾಯದೆ 108ಕ್ಕೆ ಕರೆ ಮಾಡಿ.