ಕುದುರೆ ಕಾಲಿಗೆ ಆ ‘ಗಿಡಮೂಲಿಕೆ ಎಣ್ಣೆ’ ಹಚ್ಚಬೇಡಿ

ಕಾರವಾರ, ಗೋಕರ್ಣ, ಮುರ್ಡೇಶ್ವರದ ಕಡೆ ಕುದುರೆ ಇಟ್ಟವರು ದಯವಿಟ್ಟು ಓದಿ. ಬರೆಯೋಕೆ ನಾಚಿಕೆ ಆಗುತ್ತಿದೆ, ಆದರೂ ಬರೆಯುತ್ತಿದ್ದೇನೆ.

ಜುಲೈ ಮಳೆಯಲ್ಲಿ ನನ್ನ ಚಂದ್ರಿಯ ಹಿಂಗಾಲಲ್ಲಿ, ಗೊರಸಿನ ಮೇಲಿನ ಗುಳಿಯಲ್ಲಿ, ಹಕ್ಕಳೆ ಎದ್ದವು. ಕೆಸರಲ್ಲಿ ನಿಂತರೆ ಇದು ಬರುತ್ತದೆ, ಬಿಳಿ ಕಾಲಿಗೆ ಇನ್ನೂ ಜಾಸ್ತಿ, ಗೊತ್ತಲ್ವಾ. ಪರಿಚಯದವರೊಬ್ಬರು ಎಣ್ಣೆ ಮಾರುವ ಒಬ್ಬನ ನಂಬರ್ ಕೊಟ್ಟರು. ಒಂದು ಬಾಟಲಿಗೆ 1,800 ರೂಪಾಯಿ. ‘ಬರೀ ಗಿಡಮೂಲಿಕೆ, ಹಕ್ಕಳೆ ಕಿತ್ತು ತಿಕ್ಕಿ, ಮೇಲೆ ಬಟ್ಟೆ ಕಟ್ಟಿ, ಐದೇ ದಿನ’ ಅಂದ.

ಕಿತ್ತೆ. ತಿಕ್ಕಿದೆ. ಚಂದ್ರಿ ಕಾಲು ಎಳೆದುಕೊಂಡಳು, ನಾನು ಅವಳಿಗೇ ಗದರಿದೆ. ನಾನು ಗದರಿದೆ!

ಮೂರನೇ ದಿನ ಕಾಲು ಊದಿ ರಸ ಸೋರುತ್ತಿತ್ತು. ಫೋನ್ ಮಾಡಿದರೆ, ‘ಕೆರಳಿತು ಅಂದ್ರೆ ಔಷಧಿ ಹಿಡೀತು ಅಂತ. ಇನ್ನೊಂದು ಬಾಟಲಿ ಬೇಕಾಗ್ತದೆ’ ಅಂದ. ಇನ್ನೊಂದು ಬಾಟಲಿ!

ಆವತ್ತೇ ಶಿರಸಿಯಿಂದ ಭಾವ ಬಂದಿದ್ದರು. ಅಡಿಕೆ ತೋಟದವರು. ಬಾಟಲಿಯ ತಳದ ನೀಲಿ ಪುಡಿ ನೋಡಿ, ‘ಇದು ಮೈಲುತುತ್ತ ಅಲ್ವೇನೋ?’ ಅಂದರು. ಕೊಳೆರೋಗಕ್ಕೆ ಸುಣ್ಣ ಸೇರಿಸಿ ಅಡಿಕೆಗೆ ಹೊಡೆಯುವ ಅದೇ ಮೈಲುತುತ್ತ. ಸುಣ್ಣ ಇಲ್ಲದೆ ಹಸಿ ಗಾಯಕ್ಕೆ ಬಿದ್ದರೆ ಸುಡುತ್ತದೆ. ನನ್ನ ಕೈಯಲ್ಲೇ ಅದನ್ನು ತಿಕ್ಕಿಸಿದ್ದಾನೆ. ಬಾಟಲಿ ಹಿಡಿದುಕೊಂಡು ಸುಮ್ನೆ ನಿಂತುಬಿಟ್ಟೆ.

ಮತ್ತೆ ಫೋನ್ ಮಾಡಿದೆ. ‘ನೀವು ಸಮುದ್ರದ ನೀರಲ್ಲಿ ನಡೆಸಿರ್ತೀರಿ, ತಪ್ಪು ನಿಮ್ಮದೇ’ ಅಂದ. ಮಳೆ ಶುರುವಾದಮೇಲೆ ಅವಳನ್ನು ಬೀಚಿಗೇ ಇಳಿಸಿಲ್ಲ! ದುಡ್ಡು ಕೇಳಿದೆ, ನಂಬರ್ ಬ್ಲಾಕ್ ಮಾಡಿದ.

ಪಶುವೈದ್ಯರು ಮೊದಲು ಹಕ್ಕಳೆ ಕೆರೆದು ಪರೀಕ್ಷೆಗೆ ತಗೊಂಡರು, ಚರ್ಮದ ನುಸಿಯಿಂದಲೂ ಹೀಗೆ ಆಗುತ್ತದಂತೆ. ಇವಳದ್ದು ಡರ್ಮಟೊಫಿಲಸ್ ಅನ್ನುವ ಬ್ಯಾಕ್ಟೀರಿಯಾ. ನೆನೆದು ಮೆತ್ತಗಾದ ಚರ್ಮದೊಳಗೆ ಹೊಗುತ್ತದೆ. ಅದರ ಮೇಲೆ ಎಣ್ಣೆ ಬಳಿದು ಬಟ್ಟೆ ಕಟ್ಟಿ ನಾನು ತೇವವನ್ನೇ ಒಳಗೆ ಮುಚ್ಚಿಟ್ಟಿದ್ದೆ. ಕೂದಲು ಕತ್ತರಿಸಿ, ತೆಳು ಮಾಡಿದ ಕ್ಲೋರ್‌ಹೆಕ್ಸಿಡಿನ್ (ಗಾಯ ತೊಳೆಯುವ ಔಷಧಿ) ಹಚ್ಚಿ 10 ನಿಮಿಷ ಬಿಟ್ಟು ತೊಳೆದರು. ಮೆತ್ತಗಾಗಿ ತಾನೇ ಬಿಟ್ಟ ಹಕ್ಕಳೆ ಮಾತ್ರ ತೆಗೆದರು. ಆಮೇಲೆ ಟವೆಲ್ಲಿನಿಂದ ಒತ್ತಿ ಒತ್ತಿ ಒಣಗಿಸಿದರು. ಒಣಗಿಸೋದೇ ಮುಖ್ಯ ಅಂದರು. ಊತಕ್ಕೆ ಇಂಜೆಕ್ಷನ್ ಬೇರೆ. ಲಾಯಕ್ಕೆ ಒಣ ಹುಲ್ಲು ಹಾಸಿ ಕೆಸರಿಗೆ ಬಿಡದೆ ಇಟ್ಟೆ. ಒಂದು ತಿಂಗಳು ಹಿಡಿಯಿತು.

ಹಕ್ಕಳೆ ಕಂಡ ದಿನವೇ ಡಾಕ್ಟರಿಗೆ ತೋರಿಸಿ. ಯಾರೇ ಎಣ್ಣೆ ಕೊಟ್ಟರೂ ಒಳಗೆ ಏನಿದೆ ಅಂತ ಕೇಳಿ, ಬಾಟಲಿ ಬೆಳಕಿಗೆ ಹಿಡಿದು ತಳ ನೋಡಿ. ಇವನದ್ದಕ್ಕೆ ಹಸಿರು ಮುಚ್ಚಳ, ಲೇಬಲ್ ಇಲ್ಲ. ಈಗ ಅಂಕೋಲಾ ಕಡೆ ಮಾರುತ್ತಿದ್ದಾನಂತೆ.

ಚಂದ್ರಿ ಈಗಲೂ ನಾನು ಹಿಂಗಾಲ ಹತ್ತಿರ ಕೂತರೆ ಸರಿದು ನಿಲ್ಲುತ್ತಾಳೆ.